ಕರುಣೆಯ ಕುದುರೆ ಏರಿ ಬಂದವರು

ಅಮೆರಿಕದ ಬಯಲುಸೀಮೆಯ ಯುದ್ಧಗಳನ್ನು ಕುರಿತ ಕಾದಂಬರಿಗಳಲ್ಲಿ ಮೂಲನಿವಾಸಿಗಳ ಬಗ್ಗೆ ಕರುಣೆಗೇನೂ ಬರವಿಲ್ಲ. ಥಾಮಸ್ ಬರ್ಜರ್‌ನ ‘ಲಿಟಲ್ ಬಿಗ್ ಮ್ಯಾನ್’ (1964) ಕಸ್ಟರ್ ಎಂಬ ಸೇನಾನಿಯ ಸುತ್ತ ಬೆಳೆದ ವೀರಪುರಾಣವನ್ನು ಚೆನ್ನಾಗಿಯೇ ಲೇವಡಿ ಮಾಡುತ್ತದೆ. ಆದರೆ ಶೆಯೆನ್ನರ ಬದುಕು ನಮಗೆ ತಲುಪಬೇಕಾದರೆ 111 ವರ್ಷದ ಬಿಳಿಯ ಮುದುಕನೊಬ್ಬ ಬಾಯಿ ಬಿಡಬೇಕು. ಮೈಕೇಲ್ ಬ್ಲೇಕ್‌ನ ‘ಡ್ಯಾನ್ಸಸ್ ವಿತ್ ವುಲ್ವ್ಸ್’ನಲ್ಲಿ (1988) ಬಿಳಿಯ ಸೈನಿಕನೊಬ್ಬನ ಮನಸ್ಸು ಕರಗಬೇಕು. ಈ ಕಾದಂಬರಿಯ ಕಮಾಂಚೆಗಳು 1990ರ ಸಿನಿಮಾದಲ್ಲಿ ಲಕೋಟಾಗಳಾಗಿಬಿಟ್ಟರು. ಕತೆಗೇನೂ ಧಕ್ಕೆಯಾಗಲಿಲ್ಲ. ಆಗಲಿಲ್ಲ ಅನ್ನೋದೇ ನನ್ನ ತಕರಾರು.

ಜೇಮ್ಸ್ ವೆಲ್ಚ್‌ನ ‘ಫೂಲ್ಸ್ ಕ್ರೋ’ದಲ್ಲಿ (1986) ಹಾಗೆ ಜನರನ್ನು ಬದಲಾಯಿಸಲು ಬರುವುದಿಲ್ಲ. ವೆಲ್ಚ್ (1940-2003) ಬ್ಲ್ಯಾಕ್‌ಫೀಟ್ ಸಮುದಾಯದವನು. ಇವನ ಮುತ್ತಜ್ಜಿ 1870ರ ಜನವರಿ 23ರಂದು ಮರಾಯಸ್ ನದಿಯ ದಂಡೆಯಲ್ಲಿ ನಡೆದ ಹತ್ಯಾಕಾಂಡದಿಂದ ಬದುಕಿ ಉಳಿದವಳು. ಅವತ್ತು ಮೇಜರ್ ಬೇಕರ್‌ನ ಕುದುರೆಪಡೆ, ಸಿಡುಬು ಬಡಿದಿದ್ದ ಹೆವಿ ರನ್ನರ್‌ನ ಹಟ್ಟಿಯ ಮೇಲೆ ಗುಂಡು ಸುರಿಸಿತು. ಹುಡುಕುತ್ತಿರುವ ಹಟ್ಟಿ ಇದಲ್ಲ ಅಂತ ದಾರಿ ತೋರಿಸಲು ಬಂದಿದ್ದ ಜೋ ಕಿಪ್ ಕೂಗಿಕೊಂಡ, ಬೇಕರ್ ಕೇಳಲಿಲ್ಲ. ಸೇನೆಯದೇ ಲೆಕ್ಕದಲ್ಲಿ 173 ಹೆಣ. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಹೆವಿ ರನ್ನರ್‌ನ ಕೈಯಲ್ಲಿ ಅವನ ಒಳ್ಳೆಯ ನಡತೆಗೆ ಬಿಳಿಯ ಅಧಿಕಾರಿಗಳೇ ಬರೆದುಕೊಟ್ಟ ಕಾಗದವಿತ್ತು! ಬೇಕರ್‌ಗೆ ಶಿಕ್ಷೆಯಾಗಲಿಲ್ಲ.

ವೆಲ್ಚ್ ಈ ಕೊಲೆಗಳನ್ನು ನಮ್ಮ ಕಣ್ಣೆದುರು ನಡೆಸಿ ತೋರಿಸುವುದಿಲ್ಲ. ನಾಯಕ ಅಲ್ಲಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿದೆ. ಸುಟ್ಟ ಗುಡಾರಗಳು, ಅಳಿದುಳಿದವರ ಮಾತು, ಅಷ್ಟೇ. ನೋಡಿ ಮರುಗುವ ಸುಖ ಓದುಗನಿಗೆ ದಕ್ಕುವುದಿಲ್ಲ.

ಭಾಷೆಯ ಸಂಗತಿ ಇನ್ನೂ ದೊಡ್ಡದು. ಇಲ್ಲಿ ಬಿಳಿಯರು ‘ನಾಪಿಕ್ವಾನ್’, ಸೈನಿಕರು ‘ಹಿಡಿಯುವವರು’, ಕಾಡೆಮ್ಮೆ ‘ಕರಿಕೊಂಬು’, ಸಿಡುಬು ‘ಬಿಳಿಹಕ್ಕಳೆ’. ಇಂಗ್ಲಿಷೇ ಬಂದು ಪಿಕುನಿಗಳ ಅಂಗಳದಲ್ಲಿ ಕೂತು ಮಾತು ಕಲಿಯಬೇಕು. ‘ಕುಸುಮಬಾಲೆ’ ಓದಿ, ನಂಜನಗೂಡು ಸೀಮೆಯ ಮಾತು ತಲೆಗೆ ಹತ್ತೋದಿಲ್ಲ ಅಂದ ನಮ್ಮ ಓದುಗರು ನೆನಪಾಗುತ್ತಾರೆ. ಹತ್ತದಿರುವ ಕಷ್ಟವನ್ನು ಯಾವತ್ತೂ ಒಂದೇ ಕಡೆಯವರು ಯಾಕೆ ಹೊರಬೇಕು?

ಹಾಗಂತ ವೆಲ್ಚ್ ತನ್ನವರನ್ನು ತೊಳೆದು ಮಡಿ ಉಡಿಸುವುದಿಲ್ಲ. ಪಿಕುನಿಗಳು ಕ್ರೋ ಜನರ ಕುದುರೆ ಕದಿಯುತ್ತಾರೆ. ಫಾಸ್ಟ್ ಹಾರ್ಸ್‌ನ ಜಂಬದಿಂದ ಯೆಲ್ಲೋ ಕಿಡ್ನಿ ಶತ್ರುಗಳ ಕೈಗೆ ಸಿಕ್ಕಿ ಬೆರಳುಗಳನ್ನೇ ಕಳೆದುಕೊಳ್ಳುತ್ತಾನೆ. ಅದೇ ಯೆಲ್ಲೋ ಕಿಡ್ನಿ, ಸಿಡುಬಿನಿಂದ ಸಾಯುತ್ತಿದ್ದ ಹುಡುಗಿಯ ಮೇಲೆ ಎರಗಿದವನು. ನೊಂದವರು ಒಳ್ಳೆಯವರೂ ಆಗಿರಬೇಕು ಅನ್ನೋ ಷರತ್ತು ಕರುಣೆಯ ಬೆನ್ನಿಗೇ ಅಂಟಿಕೊಂಡು ಬರುತ್ತದೆ. ದಲಿತ ಲೇಖಕರ ಮೇಲೂ ಈ ಷರತ್ತು ಹೇರಿದವರು ಕಡಿಮೆಯಿಲ್ಲ. ವೆಲ್ಚ್ ಅದಕ್ಕೆ ಸೊಪ್ಪು ಹಾಕಲಿಲ್ಲ.

ಕೊನೆಯ ಹೊತ್ತಿಗೆ ಫೆದರ್ ವುಮನ್ ಎಂಬಾಕೆ ತೊಗಲಿನ ಮೇಲೆ ಮುಂದಾಗುವುದನ್ನೆಲ್ಲ ತೋರಿಸುವ ಭಾಗ ನನಗೆ ಸ್ವಲ್ಪ ಹೇರಿದಂತೆ ಕಂಡಿತು. ಆದರೂ ಆ ತೊಗಲಿನಲ್ಲಿ ಒಂದು ಶಾಲೆಯಿದೆ. ಬಿಳಿಯರ ಮಕ್ಕಳು ಆಡುತ್ತಿದ್ದಾರೆ, ಪಿಕುನಿ ಮಕ್ಕಳು ದೂರ ನಿಂತಿದ್ದಾರೆ. ನಮ್ಮ ಹಾಸ್ಟೆಲಿನ ಹುಡುಗರು ಆ ಪುಟವನ್ನಾದರೂ ಓದಬೇಕು.