ಉಳಿದ ಕಾಳು ಯಾರ ಮನೆಗೆ?

ಎಲ್ಲರೂ ಸಸ್ಯಾಹಾರಿಗಳಾದರೆ ಲೋಕದ ಹಸಿವು ನೀಗುತ್ತದೆ ಎಂಬ ಮಾತು ಭಾಷಣಗಳಲ್ಲಿ, ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಆಗಾಗ ಕೇಳಿಬರುತ್ತದೆ. ಒಂದು ಕಿಲೊ ಮಾಂಸಕ್ಕೆ ಇಷ್ಟು ಕಿಲೊ ಧಾನ್ಯ ಎಂಬ ಲೆಕ್ಕ ಅದರ ಬೆನ್ನಿಗಿರುತ್ತದೆ. ಈ ಲೆಕ್ಕವನ್ನು ಜನಸಾಮಾನ್ಯರ ಬಾಯಿಗೆ ತಂದ ಪುಸ್ತಕ ಫ್ರಾನ್ಸಿಸ್ ಮೂರ್ ಲಪ್ಪೇ ಅವರ ‘ಡಯಟ್ ಫಾರ್ ಎ ಸ್ಮಾಲ್ ಪ್ಲಾನೆಟ್’. 1971ರಲ್ಲಿ ಅಮೆರಿಕದಲ್ಲಿ ಪ್ರಕಟವಾಗಿ ಮೂವತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದ ಈ ಪುಸ್ತಕದಲ್ಲಿ ಅಡುಗೆಯ ವಿಧಾನಗಳೂ ಇವೆ, ರಾಜಕೀಯವೂ ಇದೆ. ಇಂದು ಇದನ್ನು ಓದುವಾಗ ಯಾವ ಭಾಗ ಗಟ್ಟಿ, ಯಾವುದು ಜೊಳ್ಳು ಎಂದು ಕೇರಿ ನೋಡಬೇಕಾಗುತ್ತದೆ.

ಅದು ಬಂದ ಕಾಲವನ್ನು ಮರೆಯಬಾರದು. 1966-67ರ ಬಿಹಾರದ ಬರದ ನೆನಪು ಹಸಿಯಾಗಿತ್ತು. ಆ ವರ್ಷಗಳಲ್ಲಿ ಭಾರತ ಪಿ.ಎಲ್. 480 ಒಪ್ಪಂದದ ಅಮೆರಿಕನ್ ಗೋಧಿಯ ಹಡಗುಗಳಿಗಾಗಿ ಕಾಯುತ್ತ ಕೂತಿತ್ತು. 1968ರಲ್ಲಿ ಪಾಲ್ ಎರ್ಲಿಕ್ ‘ದಿ ಪಾಪ್ಯುಲೇಶನ್ ಬಾಂಬ್’ ಬರೆದು, ಎಪ್ಪತ್ತರ ದಶಕದಲ್ಲಿ ಕೋಟ್ಯಂತರ ಜನ ಹಸಿದು ಸಾಯುತ್ತಾರೆ ಎಂದು ಸಾರಿದ್ದರು. ಬಡವರು ಹೆಚ್ಚು ಹೆತ್ತದ್ದೇ ತಪ್ಪು ಎಂಬ ದನಿ ಅದರಲ್ಲಿತ್ತು. ಆಗ ಬರ್ಕ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೃಷಿ ಅಂಕಿಅಂಶಗಳನ್ನು ಕೆದಕುತ್ತಿದ್ದ ಯುವತಿ ಲಪ್ಪೇ ಬೇರೊಂದು ಉತ್ತರ ಕೊಟ್ಟರು: ಎಲ್ಲರಿಗೂ ಸಾಲುವಷ್ಟು ಬೆಳೆ ಇದೆ, ಅದನ್ನು ದನಗಳಿಗೆ ತಿನ್ನಿಸಿ ನಾವೇ ಕೊರತೆಯನ್ನು ಹುಟ್ಟಿಸುತ್ತಿದ್ದೇವೆ. ದೋಷವನ್ನು ಹಸಿದವರ ತಲೆಯಿಂದ ಇಳಿಸಿ ಉಂಡವರ ತಟ್ಟೆಯ ಮೇಲಿಟ್ಟದ್ದು ಈ ಪುಸ್ತಕದ ದೊಡ್ಡ ಸಾಧನೆ. ಅದಕ್ಕಾಗಿಯೇ ನನಗೆ ಇದರ ಮೇಲೆ ಗೌರವ.

ಲೆಕ್ಕದ ಮುಖ್ಯ ಅಂಶ ಇಂದಿಗೂ ನಿಲ್ಲುತ್ತದೆ. 2013ರ ಒಂದು ಅಧ್ಯಯನದ ಪ್ರಕಾರ ಲೋಕದ ಬೆಳೆಗಳಲ್ಲಿರುವ ಒಟ್ಟು ಕ್ಯಾಲೊರಿಯಲ್ಲಿ ಶೇ 36ರಷ್ಟು ಪಶು-ಪಕ್ಷಿಗಳ ಮೇವಿಗೆ ಹೋಗುತ್ತದೆ. ನೇರವಾಗಿ ಮನುಷ್ಯರ ಹೊಟ್ಟೆಗೆ ಬೀಳುವುದು ಶೇ 55. ಇದನ್ನು ಕಾಣಲು ಅಮೆರಿಕಕ್ಕೇ ಹೋಗಬೇಕಿಲ್ಲ. ಮಳೆಗಾಲದಲ್ಲಿ ದಾವಣಗೆರೆ, ಹಾವೇರಿ ಕಡೆ ಹೋದರೆ ಕಣ್ಣು ಹಾಯುವಷ್ಟು ದೂರ ಗೋವಿನಜೋಳ. ಅದರಲ್ಲಿ ಜನರ ಊಟಕ್ಕೆ ಬರುವುದು ಸ್ವಲ್ಪ. ಹೆಚ್ಚಿನದು ಕೋಳಿ ಆಹಾರಕ್ಕೆ, ಸ್ಟಾರ್ಚ್ ಕಾರ್ಖಾನೆಗೆ, ಈಚೆಗೆ ಎಥನಾಲ್‌ಗೆ. ಬಿಳಿಜೋಳ, ಹತ್ತಿ, ಶೇಂಗಾ ಬೆಳೆಯುತ್ತಿದ್ದ ಹೊಲಗಳಿಗೂ ಅದು ಹಬ್ಬಿದೆ.

ಆದರೆ ಪುಸ್ತಕದ ಹೆಸರುವಾಸಿ ಅನುಪಾತ, ಅಂದರೆ ಒಂದು ಪೌಂಡ್ ದನದ ಮಾಂಸಕ್ಕೆ 16 ಪೌಂಡ್ ಧಾನ್ಯ ಮತ್ತು ಸೋಯಾ, ಅಮೆರಿಕದ ಕೊಟ್ಟಿಗೆಯಲ್ಲಿ ಕಾಳು ತಿನ್ನಿಸಿ ಕೊಬ್ಬಿಸುವ ದನಗಳಿಂದ ಹುಟ್ಟಿದ್ದು. ಅದನ್ನು ಲೋಕಕ್ಕೆಲ್ಲ ಹಚ್ಚುವುದು ತಪ್ಪು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ತಜ್ಞರು 2017ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಜಗತ್ತಿನ ಜಾನುವಾರುಗಳು ತಿನ್ನುವುದರಲ್ಲಿ ಶೇ 86ರಷ್ಟು ಮನುಷ್ಯ ತಿನ್ನಲಾಗದ ವಸ್ತು: ಹುಲ್ಲು, ಸೊಪ್ಪೆ, ಹೊಟ್ಟು, ಹಿಂಡಿ. ನಮ್ಮ ಬಯಲುಸೀಮೆಯ ಕುರಿಗಾರರನ್ನೇ ನೋಡಿ. ಕೊಯ್ಲು ಮುಗಿದ ಹೊಲದ ಕೂಳೆ, ಗೋಮಾಳದ ಹುಲ್ಲು, ಜಾಲಿಯ ಕಾಯಿ ಅವರ ಕುರಿಗಳ ಮೇವು. ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸಿದರೆ ರೈತ ಹಣವನ್ನೋ ಕಾಳನ್ನೋ ಕೊಡುತ್ತಾನೆ, ಏಕೆಂದರೆ ಅದು ಮುಂದಿನ ಬೆಳೆಯ ಗೊಬ್ಬರ. ಆ ಕುರಿ ಯಾವ ಹಸಿದವರ ಅನ್ನವನ್ನೂ ಕಸಿದಿಲ್ಲ. ಮಳೆ ಕೈಕೊಟ್ಟ ವರ್ಷ ಅದನ್ನು ಮಾರಿಯೇ ಆ ಮನೆಯವರು ಅಕ್ಕಿ ತರುತ್ತಾರೆ. ಕಾಳು ತಿಂದು ಬೆಳೆದ ಮಾಂಸವನ್ನೂ ಹುಲ್ಲು ತಿಂದು ಬೆಳೆದ ಮಾಂಸವನ್ನೂ ಒಂದೇ ತಕ್ಕಡಿಗೆ ಹಾಕುವ ವಾದ ಇಂಥ ಮನೆಗಳನ್ನು ಕಾಣುವುದೇ ಇಲ್ಲ.

ಧಾನ್ಯ, ಬೇಳೆಗಳನ್ನು ಕೂಡಿಸಿ ಉಂಡರೆ ಪೂರ್ಣ ಪ್ರೋಟೀನ್ ಸಿಗುತ್ತದೆ ಎಂದು ಲಪ್ಪೇ ಬಹಳ ಪುಟ ಬರೆದರು. ಮುದ್ದೆಗೆ ಹುರುಳಿ ಸಾರು, ರೊಟ್ಟಿಗೆ ತೊಗರಿಬೇಳೆ ಕಂಡವರಿಗೆ ಇದು ಹೊಸದಲ್ಲ. ಒಂದೇ ಹೊತ್ತಿನ ಊಟದಲ್ಲಿ ಅಷ್ಟು ಕರಾರುವಾಕ್ಕಾಗಿ ಕೂಡಿಸಬೇಕಿಲ್ಲ ಎಂದು ಹತ್ತು ವರ್ಷದ ನಂತರದ ಆವೃತ್ತಿಯಲ್ಲಿ ಅವರೇ ಬರೆದರು.

ನನ್ನ ಮುಖ್ಯ ತಕರಾರು ಬೇರೆ. ತಿನ್ನದೆ ಉಳಿಸಿದ ಕಾಳು ಹಸಿದವನ ಮನೆಗೆ ತಾನಾಗಿ ಹೋಗುವುದಿಲ್ಲ. ನಾಳೆ ಬೆಂಗಳೂರಿನವರೆಲ್ಲ ಕೋಳಿ ಬಿಟ್ಟರು ಎಂದಿಟ್ಟುಕೊಳ್ಳಿ. ಗೋವಿನಜೋಳದ ಧಾರಣೆ ಕುಸಿಯುತ್ತದೆ, ಹಾವೇರಿಯ ರೈತ ನಷ್ಟಕ್ಕೆ ಬೀಳುತ್ತಾನೆ, ಎಥನಾಲ್ ಕಾರ್ಖಾನೆಗೆ ಅಗ್ಗದ ಮಾಲು ಸಿಗುತ್ತದೆ. ಆ ಹೊಲ ಮತ್ತೆ ಬಿಳಿಜೋಳಕ್ಕೆ ತಿರುಗಬೇಕಾದರೆ ಅದನ್ನು ಕೊಳ್ಳುವ ಕೈಯಲ್ಲಿ ದುಡ್ಡಿರಬೇಕು, ಇಲ್ಲವೇ ಸರ್ಕಾರ ಕೊಂಡು ಹಂಚಬೇಕು. 1981ರಲ್ಲಿ ಅಮರ್ತ್ಯ ಸೇನ್ ‘ಪಾವರ್ಟಿ ಆ್ಯಂಡ್ ಫ್ಯಾಮಿನ್ಸ್’ನಲ್ಲಿ 1943ರ ಬಂಗಾಳದ ಕ್ಷಾಮವನ್ನು ಎತ್ತಿಕೊಂಡು ತೋರಿಸಿದ್ದೂ ಇದನ್ನೇ: ಅಕ್ಕಿ ಇದ್ದೂ ಕೂಲಿಯವರು, ಮೀನುಗಾರರು ಸತ್ತರು, ಏಕೆಂದರೆ ಏರಿದ ಬೆಲೆಗೆ ಕೊಳ್ಳುವ ಶಕ್ತಿ ಅವರಿಗಿರಲಿಲ್ಲ. 2001ರಲ್ಲಿ ನಮ್ಮ ಸರ್ಕಾರಿ ಉಗ್ರಾಣಗಳಲ್ಲಿ 5 ಕೋಟಿ ಟನ್ನಿಗೂ ಮೀರಿ ಧಾನ್ಯವಿತ್ತು. ಅದೇ ವರ್ಷ ಬರಪೀಡಿತ ರಾಜಸ್ಥಾನದ ಹಸಿವಿನ ಪ್ರಶ್ನೆ ಹಿಡಿದು ನಾಗರಿಕ ಹಕ್ಕುಗಳ ಸಂಘಟನೆ ಪಿ.ಯು.ಸಿ.ಎಲ್. ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಸರ್ಕಾರಿ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕೆಂದು ನವೆಂಬರ್ 28ರಂದು ಕೋರ್ಟ್ ಆದೇಶಿಸಿತು. ಆ ಮಕ್ಕಳಿಗೆ ಅನ್ನ ಸಿಕ್ಕಿದ್ದು ಯಾರೋ ಮಾಂಸ ಬಿಟ್ಟದ್ದರಿಂದಲ್ಲ. ಅದು ಹಕ್ಕು ಎಂದು ಹೋರಾಡಿದ್ದರಿಂದ.

ಭಾರತವೇ ಈ ವಾದಕ್ಕೆ ಒರೆಗಲ್ಲು. ಅಮೆರಿಕದಲ್ಲಿ ತಲಾ ಮಾಂಸದ ಪೂರೈಕೆ ವರ್ಷಕ್ಕೆ 100 ಕಿಲೊ ಮೀರಿದೆ. ನಮ್ಮಲ್ಲಿ ಅದು 10 ಕಿಲೊ ಕೂಡ ಇಲ್ಲ. ಆದರೂ ಜಗತ್ತಿನಲ್ಲಿ ಅರೆಹೊಟ್ಟೆಯ ಜನ ಅತಿ ಹೆಚ್ಚು ಇರುವ ದೇಶ ನಮ್ಮದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.5ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಶೇ 67 ಮಕ್ಕಳಿಗೆ ರಕ್ತಹೀನತೆ. ಬಡವರ ಊಟದಲ್ಲಿ ಮಾಂಸವಿಲ್ಲದಿರುವುದು ಅಪರೂಪವಲ್ಲ. ಅಲ್ಲಿ ಕಳೆದುಹೋಗಿರುವುದು ಬೇಳೆ. 1951ರಲ್ಲಿ ತಲಾ ದಿನಕ್ಕೆ ಸುಮಾರು 60 ಗ್ರಾಂ ಲಭ್ಯವಿದ್ದ ಬೇಳೆಕಾಳು 2001ರ ಹೊತ್ತಿಗೆ ಸುಮಾರು 30 ಗ್ರಾಮಿಗೆ ಇಳಿಯಿತು. ಹಸಿರು ಕ್ರಾಂತಿ ಗೋಧಿ-ಭತ್ತಕ್ಕೆ ನೀರು, ಗೊಬ್ಬರ, ಬೆಂಬಲ ಬೆಲೆ ಕೊಟ್ಟಿತು; ತೊಗರಿ, ಹುರುಳಿ, ಅಲಸಂದೆಗಳು ಮಳೆ ನಂಬಿದ ಹೊಲದಲ್ಲೇ ಉಳಿದವು. ಹೊಟ್ಟೆ ತುಂಬ ಅನ್ನ, ಮೇಲೆ ನೀರು ಸಾರು: ಇದೂ ಸಸ್ಯಾಹಾರವೇ. ಮಗು ಬೆಳೆಯಲು ಇದು ಸಾಲದು.

ಇಲ್ಲಿಯೇ ಸಸ್ಯಾಹಾರದ ವಾದ ನಮ್ಮ ರಾಜ್ಯದಲ್ಲಿ ಅನ್ಯಾಯದ ಕಡೆಗೂ ತಿರುಗಿತು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ ಶಾಲಾ ಮಕ್ಕಳಿಗೆ ಬಿಸಿಯೂಟದ ಜೊತೆ ಬೇಯಿಸಿದ ಮೊಟ್ಟೆ ಕೊಡಲು ಶುರುಮಾಡಿದಾಗ, ತಿನ್ನದವರಿಗೆ ಬಾಳೆಹಣ್ಣು ಇದ್ದರೂ, ಕೆಲವು ಮಠಾಧೀಶರು ವಿರೋಧಿಸಿದರು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಕಾಳು-ಸೊಪ್ಪಿನಲ್ಲಿ ಸಿಗದ ಬಿ12 ಜೀವಸತ್ವ ಇದೆ. ಸಿಪ್ಪೆ ಇರುವುದರಿಂದ ಅದಕ್ಕೆ ಕಲಬೆರಕೆ ಮಾಡಲಾಗುವುದಿಲ್ಲ, ಅರ್ಧ ಕದಿಯಲಾಗುವುದಿಲ್ಲ. ಮನೆಯಲ್ಲಿ ಹಾಲು, ತುಪ್ಪ, ಬೇಳೆ, ತರಕಾರಿ ದಂಡಿಯಾಗಿ ಇರುವವರ ಸಸ್ಯಾಹಾರವನ್ನು ಏನೂ ಇಲ್ಲದವರ ಮಕ್ಕಳಿಗೆ ಅಳತೆಗೋಲು ಮಾಡುವುದು ಕ್ರೌರ್ಯ. ಮೊಟ್ಟೆ ಉಳಿದುಕೊಂಡದ್ದು ಒಳ್ಳೆಯದಾಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವು ಕೂಡಿ, ರಾಜ್ಯದಾದ್ಯಂತ ಅದು ವಾರಕ್ಕೆ ಆರು ದಿನವಾಯಿತು.

ಲಪ್ಪೇ ತಮ್ಮ ಮೊದಲ ಪುಸ್ತಕದಲ್ಲೇ ನಿಂತುಬಿಟ್ಟವರಲ್ಲ. 1975ರಲ್ಲಿ ಜೋಸೆಫ್ ಕಾಲಿನ್ಸ್ ಜೊತೆ ಸೇರಿ ಸಂಸ್ಥೆ ಕಟ್ಟಿ, 1977ರಲ್ಲಿ ‘ಫುಡ್ ಫಸ್ಟ್’ ಬರೆದು, ನೆಲದ ಒಡೆತನ ಮತ್ತು ಅಧಿಕಾರ ಯಾರ ಕೈಯಲ್ಲಿದೆ ಎಂಬುದರಲ್ಲಿ ಹಸಿವಿನ ಬೇರನ್ನು ಹುಡುಕಿದರು. ಆ ಎರಡನೆಯ ಪುಸ್ತಕವೇ ಹೆಚ್ಚು ಆಳವಾದದ್ದು. ಮೊದಲನೆಯದು ಉಂಡವರಿಗೆ ಎಚ್ಚರಿಕೆಯಾಗಿ ಸರಿ: ಕಾಳು ತಿನ್ನಿಸಿ ಬೆಳೆಸಿದ ಮಾಂಸವನ್ನು ಉಳ್ಳವರು, ಅದರಲ್ಲೂ ಶ್ರೀಮಂತ ದೇಶಗಳವರು, ತಗ್ಗಿಸಲೇಬೇಕು. ಹಸಿವಿಗೆ ಮದ್ದಾಗಿ ಅದು ಸೋಲುತ್ತದೆ. ಹಸಿದವರ ಹೆಸರು ಹೇಳಿ ಸಸ್ಯಾಹಾರ ಪ್ರಚಾರ ಮಾಡುವವರಲ್ಲಿ ನನ್ನದೊಂದು ಕೋರಿಕೆ: ಪಡಿತರ ಅಂಗಡಿಯಲ್ಲಿ ಅಕ್ಕಿಯ ಜೊತೆ ತಿಂಗಳು ತಪ್ಪದೆ ಬೇಳೆಯೂ ಸಿಗಲಿ, ತೊಗರಿ ಬೆಳೆದ ಕಲಬುರಗಿಯ ರೈತನಿಗೆ ಬೆಂಬಲ ಬೆಲೆ ಕೈಸೇರಲಿ ಎಂದು ನೀವೂ ದನಿ ಎತ್ತಿ, ಶಾಲೆಯ ಮಗುವಿನ ಮೊಟ್ಟೆಗೆ ಅಡ್ಡ ಬರಬೇಡಿ.