ಮಾಮಲ್ಲಪುರದ ತಪಸ್ವಿ ಮಾರ್ಜಾಲ

ಪ್ರಾಚೀನ ಈಜಿಪ್ಟಿನವರು ಬೆಕ್ಕನ್ನು ಬಾಸ್ತೇತ್ ದೇವಿಯ ರೂಪವೆಂದು ಬಗೆದು ಕಂಚಿನಲ್ಲಿ ಎರಕಹೊಯ್ದರು. ಕಿವಿಮೂಗುಗಳಿಗೆ ಚಿನ್ನದ ಬಳೆ ತೊಟ್ಟು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕುಳಿತಿರುವ ಪ್ರತಿಮೆ ಆ ಭಕ್ತಿಗೆ ಸಾಕ್ಷಿಯಾಗಿದೆ. ಮಾಮಲ್ಲಪುರದ ಪಲ್ಲವ ಶಿಲ್ಪಿಯಾದರೋ ಬೆಕ್ಕಿನಲ್ಲಿ ಕಂಡುದು ದೇವತೆಯನ್ನಲ್ಲ, ದೇವಭಕ್ತನ ಸೋಗನ್ನು.

ಕ್ರಿ.ಶ. 7ನೆಯ ಶತಮಾನದ ಆ ಮಹಾಶಿಲ್ಪವನ್ನು ಕೆಲವರು ಅರ್ಜುನನ ತಪಸ್ಸೆಂದೂ ಕೆಲವರು ಗಂಗಾವತರಣವೆಂದೂ ಕರೆಯುವರು. ಅದರ ಕೆಳಭಾಗದಲ್ಲಿ, ಬೃಹದ್ಗಜಗಳ ಸನಿಯದಲ್ಲಿ, ಬೆಕ್ಕೊಂದು ಹಿಂಗಾಲುಗಳ ಮೇಲೆ ನಿಂತು ಮುಂಗಾಲುಗಳನ್ನು ತಲೆಯ ಮೇಲೆತ್ತಿದೆ. ಅದರ ಸುತ್ತ ಇಲಿಗಳಿವೆ. ವಿಮರ್ಶಕರಲ್ಲಿ ಹಲವರು ಇದನ್ನು ಶಿಲ್ಪಿಯ ವಿನೋದವೆಂದು ಹೇಳಿ ಮುಂದೆ ಸಾಗುವುದುಂಟು. ಇಷ್ಟಕ್ಕೇ ತೃಪ್ತರಾಗುವುದು ಉಚಿತವಲ್ಲ.

ಈ ಬೆಕ್ಕಿನ ಕಥೆ ಮಹಾಭಾರತದ ಉದ್ಯೋಗಪರ್ವದಲ್ಲಿದೆ. ಗಂಗಾತೀರದಲ್ಲಿ ತೋಳೆತ್ತಿ ನಿಂತ ಮಾರ್ಜಾಲವನ್ನು ನಂಬಿ ಇಲಿಗಳು ಅದಕ್ಕೆ ಶರಣಾಗುತ್ತವೆ. ದಿನದಿನಕ್ಕೆ ಅವುಗಳ ಸಂಖ್ಯೆ ಕುಗ್ಗುತ್ತದೆ, ತಪಸ್ವಿಯ ಮೈ ಹಿಗ್ಗುತ್ತದೆ. ಗೆಡ್ಡೆಗೆಣಸು ತಿನ್ನುವವನ ಮಲದಲ್ಲಿ ರೋಮವೆಲ್ಲಿಂದ ಬಂದಿತೆಂದು ಕೋಕಿಲನೆಂಬ ಇಲಿ ಕೇಳಿದಾಗ ಗುಟ್ಟು ರಟ್ಟಾಗುತ್ತದೆ. ಕಥೆಯ ನೆಲೆ ಗಂಗಾತೀರವಾದುದರಿಂದ ಗಂಗಾವತರಣದ ಪಕ್ಷಕ್ಕೂ, ಮೂಲ ಭಾರತವಾದುದರಿಂದ ಅರ್ಜುನನ ಪಕ್ಷಕ್ಕೂ ಈ ಬೆಕ್ಕು ಸಲ್ಲುತ್ತದೆ. ಕಿರಾತಾರ್ಜುನೀಯದ ಕರ್ತೃವಾದ ಭಾರವಿಯ ಕೀರ್ತಿಯನ್ನು 634ರ ಐಹೊಳೆಯ ಶಾಸನವು ಸ್ಮರಿಸುವುದರಿಂದ, ಅರ್ಜುನನ ತಪಸ್ಸು ಆ ಕಾಲದ ದಕ್ಷಿಣದೇಶಕ್ಕೆ ಪರಿಚಿತ ವಸ್ತುವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೂ ಬೆಕ್ಕೊಂದರಿಂದಲೇ ವಿವಾದ ತೀರದು.

ಅದರ ನಿಜವಾದ ಮಹತ್ತ್ವ ಬೇರೆಡೆಯಲ್ಲಿದೆ. ಅದೇ ಬಂಡೆಯ ಮೇಲ್ಭಾಗದಲ್ಲಿ ಎಲುಬು ಕಾಣುವಂತೆ ಕೃಶನಾದ ತಪಸ್ವಿಯೊಬ್ಬನು ತೋಳೆತ್ತಿ ನಿಂತಿದ್ದಾನೆ; ಎದುರಿಗೆ ಶಿವನು ವರದನಾಗಿದ್ದಾನೆ. ಬೆಕ್ಕಿನ ಭಂಗಿಯೂ ಅದೇ. ದಿಟದ ತಪಸ್ಸಿಗೂ ಸಟೆಯ ತಪಸ್ಸಿಗೂ ಶಿಲ್ಪಿ ಒಂದೇ ನಿಲವನ್ನು ಕೊಟ್ಟಿದ್ದಾನೆ. ಮೇಲೆ ದೇವರು, ಕೆಳಗೆ ಇಲಿಗಳು: ಯಾರೆದುರಿಗೆ ನಿಂತಿರುವರೆಂಬುದರಲ್ಲೇ ಅವುಗಳ ಭೇದ. ಇನ್ನೂ ಒಂದು ಸೂಕ್ಷ್ಮವುಂಟು. ಭಾರತದಲ್ಲಿ ಈ ಕಥೆಯನ್ನು ಉಲೂಕನ ಮೂಲಕ ಹೇಳಿಕಳುಹಿಸುವವನು ದುರ್ಯೋಧನ. ಬೆಕ್ಕೆಂದು ಹಳಿಯಲ್ಪಡುವವನು ಧರ್ಮರಾಯ! ಸೋಗಿನ ತಪಸ್ವಿಯನ್ನು ನಂಬುವುದು ಎಷ್ಟು ಅಪಾಯವೋ, ಸಜ್ಜನನನ್ನು ಸೋಗಿನವನೆಂದು ಜರೆಯುವವನ ಮಾತನ್ನು ನಂಬುವುದೂ ಅಷ್ಟೇ ಅಪಾಯ.

19ನೆಯ ಶತಮಾನದಲ್ಲಿ ಕಲ್ಕತ್ತೆಯ ಕಾಳೀಘಾಟ್ ಚಿತ್ರಗಾರರು ಈ ಬೆಕ್ಕಿನ ವಂಶದ್ದನ್ನೇ ಬರೆದರು. ಹಣೆಯಲ್ಲಿ ವೈಷ್ಣವ ತಿಲಕ, ಬಾಯಲ್ಲಿ ಸಿಗಡಿ. ರೇಖೆ ತುಂಬಿದೆ, ವಿಡಂಬನೆ ಮೊನಚಾಗಿದೆ, ನೋಡುಗನು ಥಟ್ಟನೆ ನಗುತ್ತಾನೆ. ಆದರೆ ಕಳವು ಬಾಯಲ್ಲೇ ಸಿಕ್ಕಿರುವುದರಿಂದ ನೋಡುಗನು ನಿರ್ಣಯಿಸಬೇಕಾದುದೇನೂ ಉಳಿಯುವುದಿಲ್ಲ.

ಪಲ್ಲವ ಶಿಲ್ಪಿ ಆರಿಸಿದ ಕ್ಷಣ ಇದಕ್ಕೆ ಹಿಂದಿನದು. ಅಲ್ಲಿ ಬೆಕ್ಕಿನ ಬಾಯಿ ಬರಿದು. ಇಲಿಗಳ ನಂಬಿಕೆ ಅಖಂಡ. ಬಲ್ಲವನು ಕಥೆಯನ್ನು ನೆನೆದು ನಡುಗುವನು, ಅರಿಯದವನು ಇಲಿಗಳೊಡನೆ ಕೈಮುಗಿಯುವನು. ಕಾಳೀಘಾಟಿನ ಪಟ ಕಪಟಿಯನ್ನು ಹಿಡಿದುಕೊಟ್ಟರೆ ಮಾಮಲ್ಲಪುರದ ಬಂಡೆ ನೋಡುಗನನ್ನೇ ಪರೀಕ್ಷಿಸುತ್ತದೆ. ಕೋಕಿಲನಂತೆ ಕುರುಹುಗಳನ್ನು ಹುಡುಕುವ ಹೊಣೆಯನ್ನು ಶಿಲ್ಪಿ ಅವನಿಗೇ ಬಿಟ್ಟಿದ್ದಾನೆ.