ಕುದಿಸಿ ಬಾಗಿಸಿದ ಕುರ್ಚಿ

ಈ ಕುರ್ಚಿಯ ಕೈ ಮೇಲೆ ಅಂಗೈ ಇಟ್ಟರೆ ಗಂಟುಗಳು ತಾಗುತ್ತವೆ. ಗೆಣ್ಣಿದ್ದಲ್ಲಿ ಗೆಣ್ಣು, ಬಾಗಿದ್ದಲ್ಲಿ ಬಾಗು. ಯಾವುದನ್ನೂ ಉಜ್ಜಿ ಅಳಿಸಿಲ್ಲ. ಬೆತ್ತ ಇರಬೇಕು ಅನ್ನಿಸುತ್ತದೆ. ಅಲ್ಲ, ಇದು ಲಂಟಾನ.

ಬ್ರಿಟಿಷರು ತೋಟದ ಅಂದಕ್ಕೆಂದು ತಂದ ಈ ಅಮೆರಿಕದ ಗಿಡ ಬಿಳಿಗಿರಿರಂಗನ ಬೆಟ್ಟದಲ್ಲೂ ಹನೂರಿನ ಮಲೆ ಮಹದೇಶ್ವರ ಬೆಟ್ಟದಲ್ಲೂ ಕಾಡಿನ ನೆಲವನ್ನೇ ಮುಚ್ಚಿಕೊಂಡಿದೆ. ಅದರಡಿ ಹುಲ್ಲು ಏಳುವುದಿಲ್ಲ, ಅದಕ್ಕೆ ದನ ಬಾಯಿ ಹಾಕುವುದಿಲ್ಲ. 2000ರ ದಶಕದಲ್ಲಿ ಪರಿಸರ ಸಂಶೋಧನೆಯ ಏಟ್ರೀ ಸಂಸ್ಥೆ ಮಹದೇಶ್ವರ ಬೆಟ್ಟದ ಆದಿವಾಸಿ ಸೋಲಿಗರಿಗೂ ಬುಟ್ಟಿ ಹೆಣೆಯುವವರಿಗೂ ಇದರಿಂದ ಪೀಠೋಪಕರಣ ಮಾಡುವುದನ್ನು ಕಲಿಸಿತು.

ನೇರವಾದ ಕೋಲುಗಳನ್ನು ಆರಿಸಿ ತರಬೇಕು. ದೊಡ್ಡ ಡ್ರಮ್ಮಿನಲ್ಲಿ ನೀರು ಕಾಯಿಸಿ ಕುದಿಸಬೇಕು. ಬಿಸಿ ಆರುವ ಮೊದಲೇ ಚಾಕುವಿನಿಂದ ಸಿಪ್ಪೆ ಸುಲಿದರೆ ಒಳಗಿನ ಮಾಸಲು ಹಳದಿ ಮೈ ಹೊಳೆಯುತ್ತದೆ. ಆಗಲೇ ಬಾಗಿಸಬೇಕು, ತಡವಾದರೆ ಕೋಲು ಮಾತು ಕೇಳದು. ದಪ್ಪನೆಯದು ಕಾಲಿಗೆ, ಸಣ್ಣದು ಬೆನ್ನಿನ ಹೆಣಿಗೆಗೆ. ಕುದಿಸಿದ ಕೋಲಿಗೆ ಹುಳು ಬೀಳುವುದೂ ಕಡಿಮೆ.

ರೆಸಾರ್ಟುಗಳಲ್ಲಿ ಸಿಮೆಂಟಿನ ಮರದ ಬೊಡ್ಡೆ, ಪ್ಲಾಸ್ಟಿಕ್ ಬಿದಿರು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಯಳಂದೂರಿನ ದಾರಿಯಲ್ಲಿ ಬಿಳಿಗಿರಿರಂಗನ ಬೆಟ್ಟ ಹತ್ತಿ ಬರುವ ಅತಿಥಿ ಕಾಡನ್ನು ಕಾಣಲೆಂದೇ ಬರುತ್ತಾನೆ. ಅವನು ಕೂರುವ ಜಗಲಿಯಲ್ಲಿ ಈ ಕುರ್ಚಿ ಇರಲಿ. ಕುರ್ಚಿಗೆ ಬೇಕಾದಷ್ಟು ಲಂಟಾನ ಕಡಿದ ಜಾಗದಲ್ಲಿ, ಮಳೆ ಬಿದ್ದ ಮೇಲೆ, ಒಂದಿಷ್ಟು ಹುಲ್ಲು ಚಿಗುರಲು ಬೆಳಕು ಬಿದ್ದಿರುತ್ತದೆ.